ಪರದೆಯ ಕೆಂಪು, ಪೊಟ್ಟಣದ ಕೆಂಪು: ಅಚ್ಚಿಗೆ ಮುನ್ನ ಮಾಡಬೇಕಾದ ಕೆಲವು ಪರೀಕ್ಷೆಗಳು

ಕಚ್ಚಾ ಮಾಲನ್ನು ಕೊಳ್ಳುವಾಗ ಮುಟ್ಟಿ, ಮೂಸಿ, ತೂಗಿ ನೋಡುವ ಉದ್ದಿಮೆದಾರರು ತಮ್ಮ ಪೊಟ್ಟಣದ ವಿನ್ಯಾಸವನ್ನು ಮಾತ್ರ ಮೊಬೈಲಿನ ಪರದೆಯ ಮೇಲೆ ಅರೆಗಳಿಗೆ ನೋಡಿ ಒಪ್ಪಿಗೆ ಕೊಟ್ಟುಬಿಡುವುದು ಸಾಮಾನ್ಯವಾಗಿದೆ. ಅಚ್ಚಾಗಿ ಬಂದ ಮೇಲೆ ಬಣ್ಣ ಮಂಕಾಗಿದೆ, ಸಣ್ಣ ಅಕ್ಷರಗಳು ಕಲಸಿಹೋಗಿವೆ, ಅಂಗಡಿಯ ಸ್ಕ್ಯಾನರಿಗೆ ಬಾರ್‌ಕೋಡ್ ಸಿಗುತ್ತಿಲ್ಲ ಎಂಬ ದೂರುಗಳು ಒಂದೊಂದಾಗಿ ಹೊರಡುತ್ತವೆ. ವಿನ್ಯಾಸಕರು ಮುದ್ರಕರತ್ತ ಕೈತೋರಿಸುತ್ತಾರೆ, ಮುದ್ರಕರು ವಿನ್ಯಾಸಕರತ್ತ. ನಷ್ಟ ಮಾತ್ರ ಮಾಲೀಕರ ಲೆಕ್ಕದಲ್ಲಿಯೇ ಉಳಿಯುತ್ತದೆ.

ಪ್ಲಾಸ್ಟಿಕ್ ಪದರದ ಪೊಟ್ಟಣಗಳನ್ನು ನಮ್ಮ ದೇಶದಲ್ಲಿ ಬಹುಪಾಲು ಗ್ರೇವ್ಯೂರ್ ಪದ್ಧತಿಯಲ್ಲಿ ಮುದ್ರಿಸುತ್ತಾರೆ. ಇದರಲ್ಲಿ ಪ್ರತಿಯೊಂದು ಬಣ್ಣಕ್ಕೂ ಒಂದೊಂದು ಸಿಲಿಂಡರನ್ನು ಪ್ರತ್ಯೇಕವಾಗಿ ಕೆತ್ತಿಸಬೇಕು. ಪರದೆಯ ಮೇಲೆ ಎರಡು ನಿಮಿಷದಲ್ಲಿ ತಿದ್ದಬಹುದಾದ ದೋಷವು ಸಿಲಿಂಡರ್ ಕೆತ್ತಿದ ಮೇಲೆ ಹೊಸ ಸಿಲಿಂಡರಿನ ಬೆಲೆಗೆ ಏರುತ್ತದೆ. ಸುರುಳಿ ಮುದ್ರಣವಾದ ಮೇಲೆ ಇಡೀ ಸುರುಳಿಯ ಬೆಲೆಗೆ ಏರುತ್ತದೆ. ಮಾಲು ತುಂಬಿ ಅಂಗಡಿಗೆ ಹೋದ ಮೇಲೆ ಅದರ ಬೆಲೆಯನ್ನು ಲೆಕ್ಕ ಹಾಕುವುದೇ ಕಷ್ಟ. ಆದ್ದರಿಂದ ಚಿತ್ರ ಸಂಪಾದನಾ ತಂತ್ರಾಂಶಗಳ ಕೆಲವು ಮೂಲ ಸಂಗತಿಗಳು ವಿನ್ಯಾಸಕರಷ್ಟೇ ಅಲ್ಲದೆ, ಅವರಿಗೆ ಕೆಲಸ ಒಪ್ಪಿಸುವ ವರ್ತಕರಿಗೂ ತಿಳಿದಿರುವುದು ಅಗತ್ಯ. ಕುಂಚ ಹಿಡಿಯಲು ಬಾರದವರೂ ಗಣಕಯಂತ್ರದ ಮುಂದೆ ಕುಳಿತು ಮಾಡಿ ನೋಡಬಹುದಾದ ಪರೀಕ್ಷೆಗಳು ಇವು.

ಉದಾಹರಣೆಗೆ, ಬ್ಯಾಡಗಿ ಮೆಣಸಿನಕಾಯಿ ಪುಡಿಯನ್ನು ಪೊಟ್ಟಣ ಮಾಡಿ ಮಾರುವ ಒಬ್ಬ ಸಣ್ಣ ತಯಾರಕರನ್ನು ಕಲ್ಪಿಸಿಕೊಳ್ಳಬಹುದು. ಹಾವೇರಿ ಜಿಲ್ಲೆಯ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಖಾರ ಕಡಿಮೆ, ಕೆಂಪು ಗಾಢ ಎಂಬುದೇ ಅದರ ಹೆಸರು. ಎಂದರೆ ಈ ವ್ಯಾಪಾರದಲ್ಲಿ ಬಣ್ಣವೇ ಸರಕು. ಅಂತಹ ಸರಕಿನ ಪೊಟ್ಟಣದ ಮೇಲೆ ಕೆಂಪು ಬಣ್ಣವೇ ಕೈಕೊಟ್ಟರೆ ಉಳಿದ ಅಲಂಕಾರದಿಂದ ಏನೂ ಪ್ರಯೋಜನವಿಲ್ಲ.

ಎರಡು ಬಗೆಯ ತಂತ್ರಾಂಶಗಳು

ಚಿತ್ರಗಳ ಕೆಲಸಕ್ಕೆ ಬಳಕೆಯಾಗುವ ತಂತ್ರಾಂಶಗಳು ಮುಖ್ಯವಾಗಿ ಎರಡು ಬಗೆಯವು. ಮೊದಲನೆಯವು ಛಾಯಾಚಿತ್ರವನ್ನು ಪಿಕ್ಸೆಲ್ ಎಂಬ ಸಣ್ಣ ಸಣ್ಣ ಚೌಕಗಳ ಜೋಡಣೆಯಾಗಿ ಕಾಣುತ್ತವೆ. 1990ರಲ್ಲಿ ಮಾರುಕಟ್ಟೆಗೆ ಬಂದ ಫೋಟೋಶಾಪ್, 1996ರಲ್ಲಿ ಮೊದಲ ಬಾರಿಗೆ ಬಿಡುಗಡೆಯಾದ ಉಚಿತ ತಂತ್ರಾಂಶ ಜಿಂಪ್ ಈ ವರ್ಗಕ್ಕೆ ಸೇರಿದವು. ಎರಡನೆಯವು ಗೆರೆ, ಆಕಾರ, ಅಕ್ಷರಗಳನ್ನು ಗಣಿತದ ಸೂತ್ರಗಳಾಗಿ ಕಾಣುತ್ತವೆ. ನಮ್ಮ ಊರುಗಳ ಡಿ.ಟಿ.ಪಿ. ಕೇಂದ್ರಗಳಲ್ಲಿ ಮನೆಮಾತಾಗಿರುವ ಕೋರೆಲ್‌ಡ್ರಾ, ಉಚಿತವಾಗಿ ದೊರೆಯುವ ಇಂಕ್‌ಸ್ಕೇಪ್ ಇಂತಹವು. ಪುಡಿಯ ಚಿತ್ರ ಮೊದಲನೆಯ ಬಗೆಯಲ್ಲಿ ತಯಾರಾಗಬೇಕು. ವ್ಯಾಪಾರ ಚಿಹ್ನೆ, ಬೆಲೆ, ವಿಳಾಸ, ಬಾರ್‌ಕೋಡ್ ಎರಡನೆಯದರಲ್ಲಿ ಕೂರಬೇಕು. ಅಕ್ಷರಗಳನ್ನೂ ಚಿತ್ರದೊಳಗೇ ಸೇರಿಸಿ ಒಂದೇ ಜೆಪೆಗ್ ಕಡತವಾಗಿ ಮುದ್ರಣಾಲಯಕ್ಕೆ ಒಪ್ಪಿಸುವುದು ಇಂದಿಗೂ ಕಂಡುಬರುವ ಅಭ್ಯಾಸ. ಸಣ್ಣ ಅಕ್ಷರಗಳ ಅಂಚು ಕದಡುವುದಕ್ಕೆ ಇದು ಮೊದಲ ಕಾರಣ.

ಚಿತ್ರಕ್ಕೆ ಎಷ್ಟು ಕಸುವಿದೆ?

ಹತ್ತಿರದಿಂದ ನೋಡುವ ಮುದ್ರಣಕ್ಕೆ ಪ್ರತಿ ಅಂಗುಲಕ್ಕೆ 300 ಪಿಕ್ಸೆಲ್ ಇರಬೇಕೆಂಬುದು ಉದ್ಯಮದಲ್ಲಿ ರೂಢಿಯಾಗಿರುವ ಮಾನ. ಪೊಟ್ಟಣದ ಮುಖ 6 ಅಂಗುಲ ಅಗಲ, 8 ಅಂಗುಲ ಎತ್ತರ ಇದ್ದರೆ, ಅದನ್ನು ಪೂರ್ತಿ ತುಂಬುವ ಚಿತ್ರಕ್ಕೆ 1800 ಮತ್ತು 2400 ಪಿಕ್ಸೆಲ್ ಬೇಕು. 4000 ಮತ್ತು 3000 ಪಿಕ್ಸೆಲ್ ಅಳತೆಯ ಮೊಬೈಲ್ ಛಾಯಾಚಿತ್ರವು 13 ಅಂಗುಲಕ್ಕೂ ಮಿಕ್ಕಿದ ಅಗಲಕ್ಕೆ ಸಾಕಾಗುತ್ತದೆ. ತೊಂದರೆ ಕ್ಯಾಮೆರಾದಲ್ಲಿಲ್ಲ, ಸಾಗಣೆಯಲ್ಲಿದೆ. ಅದೇ ಚಿತ್ರವನ್ನು ವಾಟ್ಸಾಪಿನಲ್ಲಿ ಸಾಮಾನ್ಯ ಛಾಯಾಚಿತ್ರವಾಗಿ ಕಳುಹಿಸಿದಾಗ ದಾರಿಯಲ್ಲಿಯೇ ಅದು ಕುಗ್ಗಿರುತ್ತದೆ. ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಮೂಲ ಚಿತ್ರವೇ ತಲುಪುತ್ತದೆ.

ಪರೀಕ್ಷೆ ಸುಲಭ. ಫೋಟೋಶಾಪಿನಲ್ಲಿ ಚಿತ್ರವನ್ನು ತೆರೆದು ಇಮೇಜ್ ಸೈಜ್ ಎಂಬ ಕಿಟಕಿಗೆ ಹೋಗಬೇಕು. ಅಲ್ಲಿ ರೀಸ್ಯಾಂಪಲ್ ಎಂಬುದರ ಮುಂದಿನ ಗುರುತನ್ನು ತೆಗೆದು, ರೆಸಲ್ಯೂಷನ್ ಜಾಗದಲ್ಲಿ 300 ಎಂದು ಬರೆದರೆ, ಚಿತ್ರ ಎಷ್ಟು ಅಂಗುಲಕ್ಕೆ ಮುದ್ರಣವಾಗಬಲ್ಲದೆಂಬುದು ಮೇಲಿನ ಸಾಲಿನಲ್ಲಿಯೇ ಕಾಣುತ್ತದೆ. ಜಿಂಪ್‌ನಲ್ಲಿ ಇದೇ ಕೆಲಸವನ್ನು ಪ್ರಿಂಟ್ ಸೈಜ್ ಎಂಬಲ್ಲಿ ಮಾಡಬಹುದು. ಆ ಗುರುತನ್ನು ಹಾಗೆಯೇ ಬಿಟ್ಟು 300 ಎಂದು ಬರೆದರೆ ತಂತ್ರಾಂಶವು ಇಲ್ಲದ ಪಿಕ್ಸೆಲ್‌ಗಳನ್ನು ಊಹಿಸಿ ತುಂಬುತ್ತದೆ. ಹಾಲಿಗೆ ನೀರು ಬೆರೆಸಿದಂತೆ ಅಳತೆ ಹೆಚ್ಚುತ್ತದೆ, ಕೆನೆ ಕಟ್ಟುವುದಿಲ್ಲ.

ಜೆಪೆಗ್ ಕಡತದ ಬಗೆಗೂ ಒಂದು ಎಚ್ಚರಿಕೆ. ಕಡತದ ಗಾತ್ರ ಇಳಿಸಲು ಈ ಮಾದರಿಯು ಪ್ರತಿ ಬಾರಿ ತಿದ್ದಿ ಉಳಿಸಿದಾಗಲೂ ಸ್ವಲ್ಪ ವಿವರವನ್ನು ಕಳೆದುಕೊಳ್ಳುತ್ತದೆ. ಒಂದೇ ಚಿತ್ರವನ್ನು ಕಡಿಮೆ ಗುಣಮಟ್ಟದಲ್ಲಿ ಹತ್ತು ಬಾರಿ ತಿದ್ದಿ ಉಳಿಸಿ, ಮೊದಲನೆಯದನ್ನೂ ಹತ್ತನೆಯದನ್ನೂ ದೊಡ್ಡದು ಮಾಡಿ ಅಕ್ಕಪಕ್ಕದಲ್ಲಿಟ್ಟು ನೋಡಿದವರು ತಮ್ಮ ಮೂಲ ಚಿತ್ರವನ್ನು ಮತ್ತೆಂದೂ ತಿದ್ದಲು ಬಳಸಲಾರರು, ಪ್ರತಿಯನ್ನೇ ಬಳಸುತ್ತಾರೆ.

ಕೆಂಪು ಎಲ್ಲಿ ಸೋರಿಹೋಗುತ್ತದೆ?

ಗಣಕಯಂತ್ರದ ಪರದೆ ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಕೂಡಿಸಿ ಬಣ್ಣ ತೋರಿಸುತ್ತದೆ. ಇದಕ್ಕೆ ಆರ್‌ಜಿಬಿ ಎಂದು ಹೆಸರು. ಮುದ್ರಣಯಂತ್ರವಾದರೋ ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳಿಂದ ಕೆಲಸ ನಡೆಸುತ್ತದೆ, ಇದು ಸಿಎಂವೈಕೆ. ಪರದೆಯಲ್ಲಿ ಉರಿಯುವ ಅನೇಕ ಬಣ್ಣಗಳು ಶಾಯಿಗೆ ಎಟುಕುವುದಿಲ್ಲ. ಇದು ವಿನ್ಯಾಸಕರ ತಪ್ಪೂ ಅಲ್ಲ, ಮುದ್ರಕರ ತಪ್ಪೂ ಅಲ್ಲ. ಬೆಳಕಿಗೂ ಶಾಯಿಗೂ ಇರುವ ಅಂತರ.

ಈ ಅಂತರವನ್ನು ಕಣ್ಣಾರೆ ಕಾಣಲು ಹೊಸ ಕಡತವೊಂದರಲ್ಲಿ ಮೂರು ಚೌಕಗಳನ್ನು ಬರೆಯಬೇಕು. ಒಂದಕ್ಕೆ ಶುದ್ಧ ಕೆಂಪು, ಎಂದರೆ 255, 0, 0. ಎರಡನೆಯದಕ್ಕೆ ಶುದ್ಧ ಹಸಿರು. ಮೂರನೆಯದಕ್ಕೆ ಶುದ್ಧ ನೀಲಿ. ಬಳಿಕ ವ್ಯೂ ಪಟ್ಟಿಯಲ್ಲಿ ಪ್ರೂಫ್ ಕಲರ್ಸ್ ಎಂಬುದನ್ನು ಆರಿಸಬೇಕು, ಅಥವಾ ಕಂಟ್ರೋಲ್ ಮತ್ತು ವೈ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ಹಸಿರು ಪಾಚಿಯಂತೆ ಇಳಿಯುತ್ತದೆ, ನೀಲಿ ನೇರಳೆಯ ಕಡೆ ವಾಲುತ್ತದೆ, ಕೆಂಪಿನ ಹೊಳಪು ಹೋಗಿ ಇಟ್ಟಿಗೆಯ ಛಾಯೆ ಬರುತ್ತದೆ. ಜಿಂಪ್ ಮೂಲತಃ ಆರ್‌ಜಿಬಿಯಲ್ಲಿಯೇ ಕೆಲಸ ಮಾಡುವ ತಂತ್ರಾಂಶವಾದರೂ, 2025ರ ಮಾರ್ಚಿನಲ್ಲಿ ಹೊರಬಂದ ಅದರ 3.0 ಆವೃತ್ತಿಯಲ್ಲಿ ಹೀಗೆ ಮುದ್ರಣದ ಬಣ್ಣವನ್ನು ಪರದೆಯಲ್ಲಿ ಅನುಕರಿಸಿ ನೋಡುವ ಸೌಲಭ್ಯವಿದೆ. ಮುದ್ರಣಾಲಯದಿಂದ ಅವರ ಯಂತ್ರ ಮತ್ತು ಪದರಕ್ಕೆ ಹೊಂದುವ ಬಣ್ಣದ ಪ್ರೊಫೈಲ್ ಕಡತವನ್ನು ಕೇಳಿ ಪಡೆದು ಅಳವಡಿಸಿದರೆ ಈ ಅನುಕರಣೆ ಇನ್ನಷ್ಟು ನಂಬಲರ್ಹವಾಗುತ್ತದೆ. ಪೊಟ್ಟಣದ ಹಿನ್ನೆಲೆಗೆ ಉಜ್ವಲ ಕೆಂಪೇ ಬೇಕೆಂದಾದರೆ, ನಾಲ್ಕು ಶಾಯಿಗಳ ಮಿಶ್ರಣವನ್ನು ಬಿಟ್ಟು ಆ ಕೆಂಪಿಗೇ ಪ್ರತ್ಯೇಕ ಶಾಯಿಯನ್ನು ಬಳಸಬೇಕಾಗುತ್ತದೆ. ಅದಕ್ಕೆ ಇನ್ನೊಂದು ಸಿಲಿಂಡರ್ ಬೇಕು. ಈ ಖರ್ಚು ಬೇಕೇ ಬೇಡವೇ ಎಂಬ ನಿರ್ಧಾರವನ್ನು ಕೆತ್ತನೆಗೆ ಮುನ್ನ ಮಾಲೀಕರೇ ತೆಗೆದುಕೊಳ್ಳಬೇಕಲ್ಲದೆ ವಿನ್ಯಾಸಕರಿಗೆ ಬಿಡತಕ್ಕದ್ದಲ್ಲ.

ಇನ್ನು ಪುಡಿಯ ಛಾಯಾಚಿತ್ರ. ಹಳದಿ ದೀಪದ ಕೆಳಗೆ ತೆಗೆದ ಮೆಣಸಿನ ಪುಡಿ ಕಿತ್ತಳೆಯಾಗಿ ಕಾಣುತ್ತದೆ. ಚಿತ್ರ ತೆಗೆಯುವಾಗ ಪುಡಿಯ ಪಕ್ಕದಲ್ಲಿ ಬಣ್ಣದ ಸೋಂಕಿಲ್ಲದ ಬೂದು ಕಾರ್ಡನ್ನು ಇಟ್ಟುಕೊಂಡರೆ, ಬಳಿಕ ಲೆವೆಲ್ಸ್ ಕಿಟಕಿಯಲ್ಲಿರುವ ಬೂದು ಬಣ್ಣದ ಪಿಪೆಟ್ಟನ್ನು ಆ ಕಾರ್ಡಿನ ಮೇಲೆ ಒತ್ತಿದೊಡನೆ ದೀಪದ ಹಳದಿ ಕಳೆದು ಪುಡಿ ತನ್ನ ಬಣ್ಣಕ್ಕೆ ಮರಳುತ್ತದೆ. ಹಳದಿ ದೀಪ ಮತ್ತು ಕಿಟಕಿಯ ಬೆಳಕು ಎರಡೂ ಒಟ್ಟಿಗೆ ಬಿದ್ದಿದ್ದರೆ ಈ ಉಪಾಯ ಫಲಿಸದು; ಚಿತ್ರವನ್ನು ಮತ್ತೆ ತೆಗೆಯುವುದೇ ಅಗ್ಗ.

ಇನ್ನೊಂದು ದೋಷ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಅನೇಕ ಮೊಬೈಲ್ ಕ್ಯಾಮೆರಾಗಳು ಕೆಂಪನ್ನು ತಾವಾಗಿಯೇ ಏರಿಸುತ್ತವೆ. ಆಗ ಪುಡಿಯ ಕಣಗಳು ಮಾಯವಾಗಿ ಚಿತ್ರವು ಬಣ್ಣ ಬಳಿದ ಗೋಡೆಯಂತೆ ಕಾಣುತ್ತದೆ. ಚಾನೆಲ್ಸ್ ಎಂಬ ಪಟ್ಟಿಯನ್ನು ತೆರೆದು ಕೆಂಪು ಚಾನೆಲನ್ನು ಮಾತ್ರ ನೋಡಿದರೆ ಕಾರಣ ತಿಳಿಯುತ್ತದೆ: ಅದು ಹೆಚ್ಚುಕಡಿಮೆ ಬಿಳಿಯ ಹಾಳೆಯಾಗಿರುತ್ತದೆ. ಕಣಗಳ ವಿವರ ಹಸಿರು ಚಾನೆಲಿನಲ್ಲಿ ಉಳಿದಿರುತ್ತದೆ. ಅನುಭವಿ ವಿನ್ಯಾಸಕರು ಆ ಹಸಿರು ಚಾನೆಲನ್ನು ಪ್ರತಿ ಮಾಡಿ ಹೊಸ ಲೇಯರಾಗಿ ಮೇಲಿಟ್ಟು, ಅದರ ಬೆರಕೆಯ ವಿಧಾನವನ್ನು ಲ್ಯುಮಿನಾಸಿಟಿ ಎಂದು ಬದಲಿಸಿ, ಸಾಂದ್ರತೆಯನ್ನು ಶೇಕಡ 15ರಿಂದ 25ರೊಳಗೆ ಇರಿಸಿ ಕಣಗಳನ್ನು ಮರಳಿ ತರುತ್ತಾರೆ. ಅದಕ್ಕಿಂತ ಮೇಲೆ ಹೋದರೆ ಪುಡಿ ಕಪ್ಪಾಗಿ ಸುಟ್ಟಂತೆ ಕಾಣುತ್ತದೆ. ಈ ಬಗೆಯ ತಿದ್ದುಪಡಿಗಳೆಲ್ಲವೂ ಬೇರೆ ಲೇಯರುಗಳಲ್ಲಿಯೇ ಇರಬೇಕು. ಬೇಡದ ಭಾಗವನ್ನು ಅಳಿಸುವ ಬದಲು ಲೇಯರ್ ಮಾಸ್ಕಿನಿಂದ ಮರೆಮಾಡಬೇಕು. ಅಳಿಸಿದ್ದು ಕಡತ ಮುಚ್ಚಿದ ಮೇಲೆ ಬಾರದು; ಮರೆಮಾಡಿದ್ದು ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ.

ಆದರೆ ತಿದ್ದುವುದಕ್ಕೂ ಮಿತಿಯಿದೆ. ಹ್ಯೂ/ಸ್ಯಾಚುರೇಷನ್ ಎಂಬ ಪಟ್ಟಿಯಲ್ಲಿ ಗುಂಡಿಯನ್ನು ಬಲಕ್ಕೆ ಎಳೆದಷ್ಟೂ ಪುಡಿ ಕೆಂಪೇರುತ್ತದೆ, ಎಳೆಯುವವರಿಗೆ ಖರ್ಚಿಲ್ಲ. 2023ರಿಂದ ಫೋಟೋಶಾಪಿನಲ್ಲಿ ಬಂದಿರುವ ಕೃತಕ ಬುದ್ಧಿಮತ್ತೆಯ ಸೌಲಭ್ಯದಿಂದ ಎಂದೂ ಬೆಳೆಯದ ಮೆಣಸಿನಕಾಯಿಯ ರಾಶಿಯನ್ನೂ ಪೊಟ್ಟಣದ ಮೇಲೆ ಹಾಕಬಹುದು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಲ್ಲಿ ಜಾಹೀರಾತು ಎಂಬ ಪದದ ವ್ಯಾಖ್ಯೆಯೊಳಗೆ ಲೇಬಲ್ ಮತ್ತು ಹೊದಿಕೆಯೂ ಸೇರಿವೆ ಎಂಬುದನ್ನು ಅನೇಕ ತಯಾರಕರು ಗಮನಿಸಿಲ್ಲ. ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರೀಯ ಪ್ರಾಧಿಕಾರವು 10 ಲಕ್ಷ ರೂಪಾಯಿಗಳವರೆಗೆ, ಮತ್ತೆ ಮಾಡಿದರೆ 50 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ದಂಡ ಹಾಗಿರಲಿ, ಮನೆಗೆ ಒಯ್ದ ಪುಡಿ ಚಿತ್ರಕ್ಕಿಂತ ಪೇಲವವಾಗಿ ಕಂಡರೆ ಗೃಹಿಣಿ ಅನುಮಾನಿಸುವುದು ಚಿತ್ರವನ್ನಲ್ಲ, ಪುಡಿಯನ್ನು. ಮೆಣಸಿನ ಪುಡಿಗೆ ಬಣ್ಣ ಬೆರೆಸುವ ಸುದ್ದಿಗಳನ್ನು ಓದಿರುವ ಗ್ರಾಹಕರಿಗೆ ಅತಿಯಾದ ಕೆಂಪು ಕೂಡ ಅನುಮಾನಕ್ಕೆ ಕಾರಣವಾಗಬಹುದು. ಹಗಲು ಬೆಳಕಿನಲ್ಲಿ, ಬಿಳಿ ತಟ್ಟೆಯಲ್ಲಿ ಒಂದು ಚಮಚ ಪುಡಿಯನ್ನು ಪರದೆಯ ಪಕ್ಕದಲ್ಲಿಟ್ಟುಕೊಂಡು ಬಣ್ಣ ಒಪ್ಪುವುದು ಹಳೆಯ ಪದ್ಧತಿ. ಅದಕ್ಕಿಂತ ಉತ್ತಮವಾದದ್ದು ಇನ್ನೂ ಬಂದಂತಿಲ್ಲ.

ಅಕ್ಷರಗಳು

ಬೆಲೆ, ನಿವ್ವಳ ತೂಕ, ತಯಾರಕರ ವಿಳಾಸ ಮೊದಲಾದ ಸಣ್ಣ ಅಕ್ಷರಗಳಲ್ಲಿಯೇ ಕಾನೂನಿನ ಭಾರವೆಲ್ಲ ಇರುವುದು. ಪರದೆಯ ಕಪ್ಪನ್ನು, ಎಂದರೆ 0, 0, 0 ಎಂಬ ಆರ್‌ಜಿಬಿ ಕಪ್ಪನ್ನು, ಫೋಟೋಶಾಪಿನ ಅಮೆರಿಕನ್ ಮೂಲ ಹೊಂದಾಣಿಕೆಯಲ್ಲಿ ಸಿಎಂವೈಕೆಗೆ ಬದಲಿಸಿದರೆ ಅದು ಸಯಾನ್ 75, ಮಜೆಂಟಾ 68, ಹಳದಿ 67, ಕಪ್ಪು 90 ಎಂದು ಒಡೆಯುತ್ತದೆ. ನಾಲ್ಕು ಶಾಯಿಗಳೂ ಕೂದಲೆಳೆ ತಪ್ಪದೆ ಒಂದರ ಮೇಲೊಂದು ಕೂತರೆ ಮಾತ್ರ ಅಂತಹ ಅಕ್ಷರ ಓದಲು ಬರುತ್ತದೆ. ಓಡುವ ಯಂತ್ರದಲ್ಲಿ ಅದು ಸಾಧ್ಯವಿಲ್ಲ. ಒಂದು ಮಿಲಿಮೀಟರ್ ಎತ್ತರದ ಅಕ್ಷರದ ಸುತ್ತ ಕೆಂಪು, ನೀಲಿ ನೆರಳು ಮೂಡುತ್ತದೆ. ಸಣ್ಣ ಅಕ್ಷರಗಳಿಗೆ ಕಪ್ಪು ಶಾಯಿ ಶೇಕಡ 100, ಉಳಿದ ಮೂರೂ ಸೊನ್ನೆ ಇರಬೇಕು. ಕಡತದಲ್ಲಿ ಸಯಾನ್, ಮಜೆಂಟಾ, ಹಳದಿ ಚಾನೆಲುಗಳನ್ನು ಒಂದೊಂದಾಗಿ ತೆರೆದು ನೋಡಿ, ಅಲ್ಲಿ ವಿಳಾಸದ ಸಾಲುಗಳು ಕಾಣಿಸಿಕೊಂಡರೆ ಕಡತವನ್ನು ಹಿಂದಿರುಗಿಸಬೇಕು.

ಜಾಗ ಸಾಲದಾದಾಗ ಅಕ್ಷರಗಳನ್ನು ಅಡ್ಡಲಾಗಿ ಹಿಂಡುವುದು ಡಿ.ಟಿ.ಪಿ. ಕೇಂದ್ರಗಳ ಇನ್ನೊಂದು ರೂಢಿ. 2011ರ ಕಾನೂನು ಮಾಪನಶಾಸ್ತ್ರ ಪೊಟ್ಟಣ ಸಾಮಗ್ರಿ ನಿಯಮಗಳು ಅಕ್ಷರಗಳ ಎತ್ತರಕ್ಕೆ ಕನಿಷ್ಠ ಮಿತಿ ಹಾಕಿರುವುದಷ್ಟೇ ಅಲ್ಲ, ಅಗಲವು ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಇರಬಾರದೆಂದೂ ಹೇಳುತ್ತವೆ. ಒಂದು ಎಂಬ ಅಂಕಿ, ಇಂಗ್ಲಿಷಿನ ಐ, ಎಲ್ ಎಂಬ ತೆಳು ಅಕ್ಷರಗಳಿಗೆ ಮಾತ್ರ ವಿನಾಯಿತಿ. ಎತ್ತರವನ್ನು ಪರದೆಯ ಮೇಲೆ ಅಳೆಯಲಾಗದು. ಶೇಕಡ 100ರ ಅಳತೆಯಲ್ಲಿ ಕಾಗದಕ್ಕೆ ಮುದ್ರಿಸಿ ಸ್ಕೇಲಿನಿಂದ ಅಳೆಯಬೇಕು.

ಕನ್ನಡ ಅಕ್ಷರಗಳಿಗೆ ಪ್ರತ್ಯೇಕ ಪರೀಕ್ಷೆ ಅಗತ್ಯ. ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಮೇಲೆ ಹೆಸರು ಮತ್ತು ಬಳಕೆಯ ಸೂಚನೆಗಳು ಕನ್ನಡದಲ್ಲಿಯೂ ಇರಬೇಕೆಂದು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಬಯಸುವುದರಿಂದ ಇದು ಈಗ ಅಭಿಮಾನದ ವಿಷಯ ಮಾತ್ರವಲ್ಲ. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಯೂನಿಕೋಡ್ ಕನ್ನಡ ಬರೆದರೆ ಒತ್ತಕ್ಷರಗಳು ಕೆಳಗಿಳಿಯದೆ ಸಾಲಿನಲ್ಲಿಯೇ ನಿಲ್ಲುತ್ತವೆ. ಹೊಸ ಆವೃತ್ತಿಗಳಲ್ಲಿಯೂ ಅಕ್ಷರ ಜೋಡಣೆಯ ಆಯ್ಕೆಯನ್ನು ದಕ್ಷಿಣ ಏಷ್ಯಾದ ಭಾಷೆಗಳಿಗೆ ಹೊಂದಿಸಬೇಕಾಗುತ್ತದೆ. ‘ಕರ್ನಾಟಕ’, ‘ಶ್ರೇಷ್ಠ’, ‘ಉತ್ಪನ್ನ’ ಎಂಬ ಮೂರು ಪದಗಳನ್ನು ಬರೆದು ನೋಡಿದರೆ ಸಾಕು. ಅರ್ಕಾವತ್ತು, ಒತ್ತುಗಳು ಸರಿಯಾಗಿ ಕೂತಿವೆಯೇ ಎಂಬುದು ತಿಳಿಯುತ್ತದೆ. ಜಿಂಪ್ ಮತ್ತು ಇಂಕ್‌ಸ್ಕೇಪ್‌ಗಳಲ್ಲಿ ಈ ತೊಡಕು ಇಲ್ಲ. ನುಡಿಯಂತಹ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಸಿದ್ಧಪಡಿಸಿದ ಕಡತವು, ಆ ಅಕ್ಷರಶೈಲಿ ಇಲ್ಲದ ಮುದ್ರಣಾಲಯದಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರಗಳ ಗೊಂದಲವಾಗಿ ಕಾಣುತ್ತದೆ. ಆದ್ದರಿಂದ ಅಚ್ಚಿಗೆ ಕೊಡುವ ಪ್ರತಿಯಲ್ಲಿ ಅಕ್ಷರಗಳನ್ನು ಕರ್ವ್ಸ್ ಆಗಿ, ಎಂದರೆ ಬರಿಯ ಆಕಾರಗಳಾಗಿ ಪರಿವರ್ತಿಸಬೇಕು. ಪರಿವರ್ತಿಸುವ ಮುನ್ನ ತಿದ್ದಬಹುದಾದ ಪ್ರತಿಯನ್ನು ಬೇರೆಯಾಗಿ ಉಳಿಸಿಕೊಳ್ಳದಿದ್ದರೆ, ಬೆಲೆ ಬದಲಾದಾಗ ಮತ್ತೆ ಮೊದಲಿನಿಂದ ಬರೆಯಬೇಕಾಗುತ್ತದೆ.

ಬಾರ್‌ಕೋಡ್

ಅಂಗಡಿಗಳಲ್ಲಿ ಬಳಕೆಯಾಗುವ 13 ಅಂಕಿಗಳ ಬಾರ್‌ಕೋಡಿನ ಮೂಲ ಅಳತೆ, ಎರಡೂ ಬದಿಯ ಖಾಲಿ ಜಾಗ ಸೇರಿ, 37.29 ಮಿಲಿಮೀಟರ್ ಅಗಲ, 25.93 ಮಿಲಿಮೀಟರ್ ಎತ್ತರ. ಇದನ್ನು ಶೇಕಡ 80ರವರೆಗೆ ಕುಗ್ಗಿಸಬಹುದು, ಅದಕ್ಕಿಂತ ಕೆಳಗೆ ಕೂಡದು. ಖಾಲಿ ಜಾಗದಲ್ಲಿ ಏನನ್ನೂ ಮುದ್ರಿಸಬಾರದು. ಮೆಣಸಿನ ಪುಡಿಯವರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ಸ್ಕ್ಯಾನರಿನ ಕಿರಣ ಸಾಮಾನ್ಯವಾಗಿ ಕೆಂಪು. ಅದರ ಕಣ್ಣಿಗೆ ಕೆಂಪು ಮತ್ತು ಬಿಳಿ ಒಂದೇ. ಪೊಟ್ಟಣದ ಅಂದಕ್ಕೆ ಹೊಂದಲೆಂದು ಬಿಳಿಯ ಮೇಲೆ ಕೆಂಪು ಗೆರೆಗಳನ್ನು ಹಾಕಿದರೆ ಸ್ಕ್ಯಾನರಿಗೆ ಬರಿಯ ಬಿಳಿ ಹಾಳೆ ಕಾಣುತ್ತದೆ. ಬಿಳಿಯ ಮೇಲೆ ಕಪ್ಪು ಗೆರೆಗಳೇ ಇರಲಿ. ಬಾರ್‌ಕೋಡನ್ನು ಜೆಪೆಗ್ ಚಿತ್ರವಾಗಿ ತಂದು ಹಿಗ್ಗಿಸುವುದಾಗಲಿ ಕುಗ್ಗಿಸುವುದಾಗಲಿ ಸಲ್ಲದು.

ಕಡತ ಯಾರದ್ದು?

ಇಷ್ಟೆಲ್ಲ ಸರಿಯಾಗಿ ನಡೆದರೂ, ಎರಡು ವರ್ಷಗಳ ಬಳಿಕ ಬೆಲೆ ಬದಲಿಸಬೇಕೆಂದಾಗ ಮೂಲ ಕಡತ ಉದ್ದಿಮೆದಾರರ ಬಳಿ ಇರುವುದಿಲ್ಲ. ಅವರ ಬಳಿ ಇರುವುದು ಒಂದು ಪಿಡಿಎಫ್ ಮಾತ್ರ. ಲೇಯರುಗಳಿರುವ ಕಡತ ವಿನ್ಯಾಸಕರ ಗಣಕಯಂತ್ರದಲ್ಲಿ. ಹಣ ಕೊಟ್ಟು ಮಾಡಿಸಿದ್ದರಿಂದ ವಿನ್ಯಾಸ ತಮ್ಮದೇ ಎಂದು ವರ್ತಕರು ಭಾವಿಸುತ್ತಾರೆ. ಕಾನೂನು ಅಷ್ಟು ಸರಳವಾಗಿಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮದ 17ನೆಯ ಪ್ರಕರಣದಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ಸಂಬಳದ ನೌಕರರು ಕೆಲಸದ ಭಾಗವಾಗಿ ಮಾಡಿದ ವಿನ್ಯಾಸ ಮಾಲೀಕರದ್ದು. ಹಣ ಕೊಟ್ಟು ತೆಗೆಸಿದ ಛಾಯಾಚಿತ್ರ ತೆಗೆಸಿದವರದ್ದು. ಹೊರಗಿನ ವಿನ್ಯಾಸಕರು ರಚಿಸಿದ ಲೇಬಲ್ ಈ ವಿನಾಯಿತಿಗಳಲ್ಲಿ ಸ್ಪಷ್ಟವಾಗಿ ಸೇರುವುದಿಲ್ಲ. ವಿವಾದ ಬಂದರೆ ರಚಿಸಿದವರ ಕೈ ಮೇಲಾಗುವ ಸಂಭವವಿದೆ. 19ನೆಯ ಪ್ರಕರಣದಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿದ್ದು ಸಹಿಯಾಗಿರಬೇಕು. ಅವಧಿಯನ್ನು ಬರೆಯದಿದ್ದರೆ ಐದು ವರ್ಷ, ಪ್ರದೇಶವನ್ನು ಬರೆಯದಿದ್ದರೆ ಭಾರತ ಮಾತ್ರ ಎಂದು ಎಣಿಸಲಾಗುತ್ತದೆ. ರಫ್ತು ಮಾಡುವವರು ಈ ಎರಡನೆಯ ಮಾತನ್ನು ಲಕ್ಷ್ಯದಲ್ಲಿಡಬೇಕು. ಒಂದು ಪುಟದ ಪತ್ರ ಸಾಕು: ಲೇಯರುಗಳಿರುವ ಮೂಲ ಕಡತ, ಬಳಸಿದ ಛಾಯಾಚಿತ್ರಗಳು ಮತ್ತು ಅವುಗಳ ಪರವಾನಗಿ, ಅಕ್ಷರಶೈಲಿಗಳ ಹೆಸರು ಇವೆಲ್ಲವನ್ನೂ ಒಪ್ಪಿಸಿದ ಮೇಲೆಯೇ ಕೊನೆಯ ಕಂತು ಸಂದಾಯ ಎಂಬ ಷರತ್ತು ಅದರಲ್ಲಿರಬೇಕು.

ತಂತ್ರಾಂಶವನ್ನು ಸ್ವಂತಕ್ಕೆ ಕೊಳ್ಳುವವರಿಗೆ ಲೆಕ್ಕದ ಒಂದೆರಡು ಮಾತು. ಅಡೋಬಿ ಸಂಸ್ಥೆ 2013ರಿಂದ ಹೊಸ ಆವೃತ್ತಿಗಳನ್ನು ಚಂದಾ ಪದ್ಧತಿಗೆ ಒಳಪಡಿಸಿತು. ಚಂದಾ ಹಣ ಸಾಮಾನ್ಯವಾಗಿ ಆಯಾ ವರ್ಷದ ಖರ್ಚು. ಶಾಶ್ವತ ಪರವಾನಗಿ ಕೊಂಡರೆ ಅದು ಆಸ್ತಿ; ಗಣಕಯಂತ್ರ ಮತ್ತು ತಂತ್ರಾಂಶಗಳ ಸವಕಳಿ ದರವು 2017ರ ಏಪ್ರಿಲ್ 1ರಿಂದ ಶೇಕಡ 60ರಿಂದ 40ಕ್ಕೆ ಇಳಿಯಿತು. ಚಂದಾ ಮಾಡುವಾಗ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ಕೊಡದೆ ಮಗನ ಹೆಸರಿನ ಖಾತೆಯಲ್ಲಿ ಕೊಂಡರೆ ಹೂಡುವಳಿ ತೆರಿಗೆಯ ಜಮೆ ಕೈತಪ್ಪುತ್ತದೆ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಅದು ಹೇಗೂ ಇಲ್ಲ. ಕಳ್ಳ ಪ್ರತಿಯ ವಿಷಯದಲ್ಲಿ ಮೇಲಿನ ಅಧಿನಿಯಮದ 63ಬಿ ಪ್ರಕರಣ ಕಠಿಣವಾಗಿದೆ. ಗೊತ್ತಿದ್ದೂ ಬಳಸಿದವರಿಗೆ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ಎಂದು ಅದು ಹೇಳುತ್ತದೆ. ಜಿಂಪ್, ಇಂಕ್‌ಸ್ಕೇಪ್‌ಗಳನ್ನು ವ್ಯಾಪಾರಕ್ಕೆ ಬಳಸಲು ಯಾರಿಗೂ ಹಣ ಕೊಡಬೇಕಿಲ್ಲ. ಆಗೊಮ್ಮೆ ಈಗೊಮ್ಮೆ ಲೇಬಲ್ ತಿದ್ದುವ ಸಣ್ಣ ತಯಾರಕರಿಗೆ ಅವು ಸಾಕು.

ಕೊನೆಯ ಹಂತ, ಮುದ್ರಕರಿಂದ ಪದರದ ಮೇಲೆಯೇ ತೆಗೆದ ಮಾದರಿ ಪ್ರತಿ. ಅದನ್ನು ಹಗಲು ಬೆಳಕಿನಲ್ಲಿ ಪುಡಿಯ ಪಕ್ಕದಲ್ಲಿಟ್ಟು ನೋಡಿ, ಅಂಗಡಿಯೊಂದರಲ್ಲಿ ಬಾರ್‌ಕೋಡನ್ನು ಓದಿಸಿ, ವಿಳಾಸದ ಪ್ರತಿ ಅಕ್ಷರವನ್ನೂ ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಿ, ಬಳಿಕ ತಾರೀಖು ಹಾಕಿ ಸಹಿ ಮಾಡಬೇಕು. ಸಹಿಯಾದ ಎರಡು ಪ್ರತಿಗಳಲ್ಲಿ ಒಂದು ಮುದ್ರಣಾಲಯದಲ್ಲಿಯೂ ಇನ್ನೊಂದು ಸಂಸ್ಥೆಯ ಖರೀದಿ ಕಡತದಲ್ಲಿಯೂ ಇರಬೇಕು. ಸುರುಳಿಗಳು ಬಂದ ದಿನ ಹೋಲಿಸಿ ನೋಡಲು, ಬಿಲ್ಲು ಪಾವತಿಯ ಮುನ್ನ ತೋರಿಸಿ ಮಾತನಾಡಲು ಈ ಪ್ರತಿಯೇ ಆಧಾರ.